ಹಲ್ಲಿಬಾಲದ ಖಣ

ಮೋಟರಿಗೆ ತಂತಿ ಸುತ್ತುವ ದಸ್ತಗೀರನ ಮಗಳು
ತಹಸೀನ್, ಆರನೇತ್ತೆ ಮುಗಿಸಿದಾಕಿ,
ಸೂಟಿ ಬಿಟ್ಟ ಮರುದಿನ ಮಗ್ಗದ ಮನಿಗೆ ಬಂದು
ತೂತು ಹೊಡದ ರಟ್ಟಿನ ಸರ ನೋಡಿ ಕೇಳಿದಳು:
"ಅಜ್ಜಾ, ಇದು ಸಿನಿಮಾದ ರೀಲ ಏನು?"

ನಾ ಹುಚ್ಚೇಶಪ್ಪ. ಗುಳೇದಗುಡ್ಡದಾಗ
ಐವತ್ತೆರಡು ವರ್ಷ ಕುಣಿಯಾಗ ಕಾಲು ಇಳಿಬಿಟ್ಟಾಂವ.
ಮಂದಿ ನನ್ನ ಕಂಡದ್ದು ಸೊಂಟದ ಮ್ಯಾಲಷ್ಟ.
"ಅಲ್ಲವಾ," ಅಂದೆ, "ಒಂದು ಎಳಿಗೆ ಒಂದು ರಟ್ಟು.
ಅರವತ್ತು ರಟ್ಟು ತಿರುಗಿದರ ಒಂದು ಆನಿ."
"ಇದರಾಗೂ ಹಂಗ," ಫೋನು ತೋರಿಸಿದಳು,
"ಒಂದು ಸೆಕೆಂಡಿಗೆ ಹನ್ನೆರಡು ಚಿತ್ರ.
ಹನ್ನೆರಡು ಸತ್ತರ ಆನಿ ಒಂದು ಹೆಜ್ಜಿ ಇಡತೈತಿ."

ಅಲ್ಲಿಗೆ ಕೆಟ್ಟೆ ನಾನು.

ಕಥಿ ಅಕಿದು:
ಖಣದಾಗಿನ ಒಂದು ಆನಿ, ಹೆಬ್ಬೆರಳಿನಷ್ಟು,
ರಾತ್ರಿ ನೂಲು ಬಿಡಿಸಿಕೊಂಡು ನೆಲಕ್ಕ ಜಿಗೀತೈತಿ.
ಮುಂದ ಜರಿ ಮೈ, ಹಿಂದ ಬರೇ ಜೋತುಬಿದ್ದ ಎಳಿ.
ನಾಚಿಕಿಗೆ ಯಾರಿಗೂ ಬೆನ್ನು ತೋರಸವಲ್ದು,
ಗ್ವಾಡಿಗೆ ಆತು ಆತು ನಡೀತೈತಿ.
ಗ್ವಾಡಿ ಮ್ಯಾಲ ಹಲ್ಲಿ.

"ನಾ ಮೈಮ್ಯಾಲ ಬಿದ್ದರ ಮಂದಿ ತಲಿಗೆ ನೀರು ಹಾಕ್ಕೋತಾರ,"
ಅಂತೈತಿ ಹಲ್ಲಿ, "ನನ್ನ ಮುಂದ ಎಂಥಾ ನಾಚಿಕಿ?
ತೊಲಿಗೆ ತಲಿಕೆಳಗಾಗಿ ಬಾಳ್ವಿ ಮಾಡಾಂವ ನಾನು,
ಎಲ್ಲಾದರ ಬೆನ್ನೂ ನನಗ ಗೊತ್ತು."

ಈ ಮಾತು ಮಾತ್ರ ನಂದು. ಅಕಿ ಪಟ್ಟನ ಬರಕೊಂಡಳು.

ಚೂರು ರೇಶಿಮಿಯ ಆನಿ, ಸೈಕಲ್ ಟ್ಯೂಬಿನ ಹಲ್ಲಿ,
ಮಗ್ಗದ ತೊಲಿಗೆ ಹುರಿಯಿಂದ ಕಟ್ಟಿದ ಫೋನು.
ಕೂದಲೆಳಿ ಸರಸು, ಒತ್ತು. ಸರಸು, ಒತ್ತು.
ಫ್ಯಾನು ಹಚ್ಚಂಗಿಲ್ಲ, ಆನಿ ನಡಗತೈತಿ.
"ಉಸಿರು ಹಿಡಿ ಅಜ್ಜಾ. ನಿನ್ನ ನೆರಳು ತಗಿ ಅಜ್ಜಾ."
ಮೇ ತಿಂಗಳ ಬಿಸಲು, ಗುಡ್ಡದ ಕಲ್ಲು ಕಾದು
ಊರಿಗೆ ಊರ ಹಂಚಿನ ಮ್ಯಾಲಿನ ರೊಟ್ಟಿ.
ದಿನಕ್ಕ ಎಂಟು ಸೆಕೆಂಡು ಆಗತಿತ್ತು.
ನೀಲವ್ವ ನೆರಮನಿಯಾಕಿಗೆ ಹೇಳಿದಳು:
"ಮದಲ ಮೂರು ಖಣ ನೇಯತಿದ್ದ ನಮ್ಮ ಯಜಮಾನ,
ಈಗ ಎಂಟು ಸೆಕೆಂಡ ನೇಯತಾನ."

ಕಡೀಕ ಜಗಳ ಬಂತು.
ಆನಿ ಅಡವಿಗೆ ಹೋಗಬೇಕು, ಅಕಿ.
ಖಣಕ್ಕ ತಿರುಗಿ ಬರಬೇಕು, ನಾನು.
"ಆನಿ ಹ್ವಾದಲ್ಲಿ ತೂತು ಉಳೀತೈತಿ,
ತೂತಿನ ಖಣ ಯಾರು ತಗೋತಾರ?"
"ನಿನಗ ಬರೇ ಮಾರೂದ ಚಿಂತಿ!"
ಮೂರು ದಿನ ಬರಲಿಲ್ಲ. ಮಗ್ಗ ಹೊಡದೆ.
ಲಾಳಿ ಸಪ್ಪಳ ಯಾಕೋ ಸಪ್ಪಗಿತ್ತು.

ನಾಕನೇ ದಿನ ಬಾಗಲಾ ದೂಡಿಕೊಂಡು ಒಳಗ ಬಂದಳು,
ಬಾಗಲದ ಸಂದಿಯಾಗ ಖರೇ ಹಲ್ಲಿಯೊಂದು ಸಿಕ್ಕು
ಬಾಲ ಬಿಟ್ಟು ಓಡಿತು.
ನೆಲದ ಮ್ಯಾಲ ಬಾಲ ಒಂದ ಕುಣಿಯಾಕ ಹತ್ತಿತ್ತು.
ಅಕಿ ನನ್ನ ನೋಡಿದಳು. ನಾ ಅಕಿನ್ನ ನೋಡಿದೆ.

ಸಾಲಿಯ ಪ್ರೊಜೆಕ್ಟರ್, ನನ್ನ ಬಿಳೇ ಧೋತರ,
ಹಿಟ್ಟಿನ ಗಿರಣಿ ಗ್ವಾಡಿ. ಓಣಿ ನೆಲಕ್ಕ ಕುಂತಿತ್ತು.
"ಅದು ಆನಿ ಅಲ್ಲೋ, ಎಮ್ಮಿ!" ಯಾವನೋ ಒದರಿದ.
ಆನಿ ನಿಂತಿತು. ಎಲ್ಲಾರ ಮುಂದ
ಮದಲನೇ ಸಲ ಬೆನ್ನು ತಿರುಗಿಸಿತು.
ಜೋತುಬಿದ್ದ ಎಳಿ, ಗಂಟು, ಮೋಸ, ಎಲ್ಲಾ ಕಂಡಿತು.
ಒದರಿದಾಂವ ಸುಮ್ಮನಾದ.
ಹಲ್ಲಿ ತನ್ನ ಬಾಲ ಕಡಕೊಂಡು
ಖಣದ ತೂತಿನಾಗ ಇಟ್ಟಿತು.
"ನನಗ ಮತ್ತ ಬರತೈತಿ," ಅಂತು, "ನೀ ಹೋಗು."
ಆನಿ ನಡೀತು, ನಡೀತು, ಧೋತರದ ಅಂಚು ದಾಟಿ
ಗಿರಣಿಯ ಬರೇ ಇಟ್ಟಂಗಿ ಮ್ಯಾಲ
ಎರಡು ಹೆಜ್ಜಿ ಇಟ್ಟು ಕತ್ತಲಾತು.

ಅಷ್ಟ. ನಾಕು ನಿಮಿಷ.

ಆಮ್ಯಾಲ ನಾ ಒಂದೆರಡು ರಟ್ಟು ಬ್ಯಾರೆ ತೂತು ಹೊಡದೆ.
ಆನಿ ಸಾಲಿನಾಗ ಒಂದು ಕಡೆ ಆನಿ ಇಲ್ಲ,
ಸೊಟ್ಟಗ ಮಲಗಿದ ಬಾಲ.
ಸಾವಕಾರ ಡ್ಯಾಮೇಜು ಅಂತ ತಿರುಗಿ ಒಗದ.
ಅದನ್ನ ನೀಲವ್ವ ಕುಬಸಾ ಹೊಲಿಸಿಕೊಂಡಾಳ.
ಬಾಲ ಸರಿಯಾಗಿ ಬೆನ್ನಿಗೆ ಬಂದೈತಿ.
ನೀರಿನ ಪಾಳೇದಾಗ ಹಿಂದ ಹುಡುಗರು ನಗತಾವ,
ಅಕಿ ಹೊಳ್ಳಿ ಹೊಳ್ಳಿ ನೋಡತಾಳ, ಅಕಿಗೆ ಕಾಣೂದಿಲ್ಲ.
ತಹಸೀನ್ ಹೇಳವಲ್ಲಳು. ನಾನೂ ಹೇಳಿಲ್ಲ.